ಸ್ಕ್ವಾಡಿನಲ್ಲಿ ಬೀಗರು

ಹತ್ತಡಿ ಅಗಲದ ಒಂದು ಫ್ಲೆಕ್ಸ್ ಪ್ರಿಂಟಾಗಿ ಹೊರಬರೋಕೆ ನಮ್ಮ ಅಂಗಡಿಯ ಮೆಷಿನ್ನಿಗೆ ಎಷ್ಟು ಹೊತ್ತು ಬೇಕೋ, ಮೊಬೈಲಿನಲ್ಲಿ ಒಂದು ಮ್ಯಾಚ್ ಆಡಿ ಮುಗಿಸೋಕೂ ಹೆಚ್ಚುಕಮ್ಮಿ ಅಷ್ಟೇ ಹೊತ್ತು ಬೇಕು. ಇದನ್ನು ಕಂಡುಹಿಡಿದದ್ದು ನಾನು. ಬದುಕಿನಲ್ಲಿ ನೀನು ಕಂಡುಹಿಡಿದದ್ದು ಇದೊಂದೇ ಅಂತ ಅಮ್ಮ ಹೇಳ್ತಾಳೆ, ಇರಬಹುದು. ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿರೋ ಆ ಅಂಗಡಿಯಲ್ಲಿ ನಾನು ಡಿಸೈನ್ ಮಾಡೋನು, ಪ್ರಿಂಟ್ ಹಾಕೋನು, ಅಂಚು ಮಡಚಿ ಅಂಟಿಸಿ ತೂತು ಹೊಡೆಯೋನು, ಎಲ್ಲ ನಾನೇ. ಓನರ್ ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಬಂದು ಮುಖ ತೋರಿಸಿ ಹೋಗ್ತಾರೆ. ಮಧ್ಯಾಹ್ನ ಎರಡರಿಂದ ನಾಲ್ಕೂವರೆ ತನಕ ಗಿರಾಕಿ ಕಮ್ಮಿ. ದೊಡ್ಡ ಸೈಜಿನ ಫ್ಲೆಕ್ಸುಗಳನ್ನೆಲ್ಲ ಆ ಹೊತ್ತಿಗೇ ಹಾಕಿ ಕೂರ್ತಿದ್ದೆ.

ಫ್ಲೆಕ್ಸ್ ಕೆಲಸ ಅಂದರೆ ಬೇರೆಯವರ ಸಂಭ್ರಮದ ಕೆಲಸ. ಹುಟ್ಟುಹಬ್ಬ, ನಾಮಕರಣ, ಗೃಹಪ್ರವೇಶ, ಕೊನೆಗೆ ಶ್ರದ್ಧಾಂಜಲಿ. ಬಂದವರೆಲ್ಲ ಹೇಳೋದು ಎರಡೇ ಮಾತು, ಫೋಟೋ ಇನ್ನೂ ದೊಡ್ಡದು ಮಾಡು, ಮುಖ ಇನ್ನೂ ಬೆಳ್ಳಗೆ ಮಾಡು. ಇದೆಲ್ಲ ಸಹಿಸ್ಕೋಬಹುದು. ನನಗೆ ಮೈಯುರಿಯೋದು ಬಡ್ತಿಯ ಫ್ಲೆಕ್ಸ್ ಬಂದಾಗ. ಯಾರೋ ಗುಮಾಸ್ತರು ಇನ್ನೊಂದು ಮೆಟ್ಟಿಲು ಹತ್ತಿದರು, ಹಾರ್ದಿಕ ಅಭಿನಂದನೆಗಳು, ಕೋರುವವರು ಅಂತ ಕೆಳಗೆ ಹದಿನೈದು ತಲೆ. ಒಂಬತ್ತು ವರ್ಷದಿಂದ ಇಂಥವನ್ನು ಪ್ರಿಂಟ್ ಹಾಕ್ತಾ ಇದೀನಿ. ಫ್ಲೆಕ್ಸ್ ಅಂಗಡಿಯ ಕೆಲಸದವನಿಗೆ ಬಡ್ತಿ ಅಂತ ಒಂದು ಇರೋದೇ ಇಲ್ಲ. ಮೊದಲ ದಿನ ಕೂತ ಕುರ್ಚಿಯಲ್ಲೇ ಈಗಲೂ ಕೂತಿದೀನಿ. ಕುರ್ಚಿಯ ಸ್ಪಂಜು ಮಾತ್ರ ಎರಡು ಸಲ ಬದಲಾಗಿದೆ.

ಹಾಗಾಗಿ ಆ ಗೇಮಿನಲ್ಲಿ ಮಾಸ್ಟರ್ ಆಗಬೇಕು ಅಂತ ನನಗೆ ಯಾಕೆ ಅಷ್ಟೊಂದು ಹುಚ್ಚು ಹಿಡೀತು ಅಂತ ಯಾರಾದರೂ ಕೇಳಿದರೆ ನನ್ನ ಹತ್ತಿರ ದೊಡ್ಡ ಉತ್ತರ ಏನಿಲ್ಲ. ಅಲ್ಲಿ ಮೆಟ್ಟಿಲುಗಳಿದ್ದವು. ಕಂಚು, ಬೆಳ್ಳಿ, ಚಿನ್ನ, ಪ್ಲಾಟಿನಂ, ಡೈಮಂಡ್, ಅದರ ಮೇಲೆ ಮಾಸ್ಟರ್. ಚೆನ್ನಾಗಿ ಆಡಿದರೆ ಮೇಲೆ, ಕೆಟ್ಟದಾಗಿ ಆಡಿದರೆ ಕೆಳಗೆ. ನಡುವೆ ಯಾರ ಶಿಫಾರಸೂ ಇಲ್ಲ. ಎರಡು ತಿಂಗಳಿಗೊಮ್ಮೆ ಸೀಸನ್ ಮುಗಿದು ಎಲ್ಲರನ್ನೂ ಒಂದೆರಡು ಮೆಟ್ಟಿಲು ಕೆಳಕ್ಕೆ ತಳ್ಳಿ ಮತ್ತೆ ಶುರು ಮಾಡಿಸ್ತಾರೆ. ಮೂರು ಸೀಸನ್ ಸತತವಾಗಿ ಡೈಮಂಡಿನ ಕೊನೆಯ ಅಂಚಿನ ತನಕ ಹೋಗಿ ವಾಪಸ್ ಜಾರಿದ್ದೆ. ಈ ಸಲ ಬಿಡಬಾರದು ಅಂತಿತ್ತು.

ಆಟ ನಾಲ್ಕು ಜನರ ಸ್ಕ್ವಾಡಿನದು. ವಿಮಾನದಿಂದ ಹಾರಿ ಒಂದು ಊರಿನಲ್ಲಿ ಇಳೀಬೇಕು, ಬಂದೂಕು ಹುಡುಕ್ಕೋಬೇಕು, ಬೇರೆ ಸ್ಕ್ವಾಡುಗಳನ್ನು ಹೊಡೀಬೇಕು. ಜೊತೆಗೆ ಒಂದು ವೃತ್ತ ಕುಗ್ಗುತ್ತಾ ಬರುತ್ತೆ. ಅದರ ಹೊರಗೆ ಉಳಿದುಬಿಟ್ಟರೆ ಜೀವ ಸೋರಿ ಸೋರಿ ಸಾಯೋದೇ. ಕೊನೆಗೆ ಉಳಿದವರು ಗೆದ್ದ ಹಾಗೆ. ಒಬ್ಬ ಬಿದ್ದರೆ ಉಳಿದವರು ಎತ್ತಿ ನಿಲ್ಲಿಸಬಹುದು, ಆದ್ದರಿಂದ ಒಬ್ಬರನ್ನೊಬ್ಬರು ಬಿಟ್ಟು ದೂರ ಹೋಗೋ ಹಾಗಿಲ್ಲ.

ನನ್ನ ಸ್ಕ್ವಾಡಿನಲ್ಲಿ ಇಬ್ಬರು ಮೊದಲಿಂದಲೂ ಇದ್ದರು. ಒಬ್ಬ ಮಲೆ ಮಹದೇಶ್ವರ ಬೆಟ್ಟದಲ್ಲಿ ಒಂದು ಲಾಡ್ಜಿನ ಗುಮಾಸ್ತ. ಟವರ್ ಸಿಗಲ್ಲ ಅಂತ ತಾರಸಿಗೆ ಹತ್ತಿ ನೀರಿನ ಟ್ಯಾಂಕಿನ ಪಕ್ಕ ಕೂತು ಆಡೋನು, ಮೋಡ ಇಳಿದರೆ ಮಾಯ. ಜೀವ ಹೋಗೋ ಹೊತ್ತಿಗೆ ಅವನಿಗೆ ಕನ್ನಡ ಮರೆತು ಬರೀ ತಮಿಳು ಬರ್ತಿತ್ತು. ಇನ್ನೊಬ್ಬಳು ಕೌದಳ್ಳಿಯಲ್ಲಿ ಬ್ಲೌಸ್ ಹೊಲಿಯೋ ಹೆಂಗಸು. ಬೆಟ್ಟಕ್ಕೆ ಹೋಗೋ ರಸ್ತೆಗೇ ಅವಳ ಅಂಗಡಿ. ಕಾಜಾ ಹಾಕಿ ಹಾಕಿ ಬೆರಳು ಪಳಗಿದ್ದೋ ಏನೋ, ಅವಳ ಗುರಿ ತಪ್ಪಿದ್ದು ನಾನು ನೋಡಿಲ್ಲ. ಇಬ್ಬರ ಮುಖವನ್ನೂ ನಾನು ಇವತ್ತಿನ ತನಕ ಕಂಡಿಲ್ಲ, ದನಿ ಮಾತ್ರ ಗೊತ್ತು. ಹನೂರು ಕಡೆಯವರ ಒಂದು ವಾಟ್ಸಾಪ್ ಗುಂಪಿನಲ್ಲಿ ಸಿಕ್ಕವರು. ಅಮಾವಾಸ್ಯೆಗೆ ಬೆಟ್ಟದಲ್ಲಿ ಜನಜಾತ್ರೆ, ಅದರ ಹಿಂದೆ ಮುಂದೆ ನಾವು ಆಡೋ ಹಾಗಿರಲಿಲ್ಲ. ಆ ಮೂರು ದಿನ ಲಾಡ್ಜಿನವನಿಗೆ ಉಸಿರು ಬಿಡೋಕೂ ಪುರುಸೊತ್ತಿಲ್ಲ, ಕೌದಳ್ಳಿಯಾಕೆಯ ಅಂಗಡಿ ಮುಂದೆ ಮಾದಪ್ಪನ ದರ್ಶನಕ್ಕೆ ನಡ್ಕೊಂಡು ಹೋಗೋ ಪರಸೆಯವರು ಹರಿದ ಚೀಲ ಹಿಡಿದು ನಿಂತಿರ್ತಾರೆ.

ನಾಲ್ಕನೆಯ ಜಾಗಕ್ಕೆ ಯಾರೋ ಒಬ್ಬರನ್ನು ಗೇಮೇ ತಂದು ಸೇರಿಸ್ತಿತ್ತು. ಆ ಜಾಗಕ್ಕೆ ನಮ್ಮ ಬೀಗರು ಬಂದರು.

ಹೋದ ವರ್ಷ ನನ್ನ ತಂಗಿಯನ್ನು ಹೊನ್ನೂರಿಗೆ ಕೊಟ್ಟೆವು. ಯಳಂದೂರಿನ ಪಕ್ಕದ ಹೊನ್ನೂರು. ಗದ್ದೆ, ಕಬ್ಬು, ತೆಂಗು ಇರೋ ಮನೆ, ಮಾತಿನವರು, ಮರ್ಯಾದೆಯವರು. ನಮ್ಮಪ್ಪ ತೀರಿಕೊಂಡು ಬಹಳ ವರ್ಷ ಆಗಿದ್ದರಿಂದ ಹುಡುಗಿ ಕಡೆ ಬೀಗನಾಗಿ ಎದುರು ನಿಂತವನು ನಾನು. ತಂಗಿಯ ಮಾವನಿಗೆ ಅರವತ್ತರ ಹತ್ತಿರ. ನನಗೆ ಮೂವತ್ತೆರಡು. ಹಾರ ಬದಲಾಯಿಸ್ಕೊಂಡು ತಬ್ಬಿಕೊಳ್ಳೋವಾಗ ಅವರು ನನ್ನ ಕಿವಿಯಲ್ಲಿ, ಎದ್ರುಕಬ್ಯಾಡ ಕಣ್ಲಾ, ನಿಮ್ಮಪ್ಪ ಇದ್ದಂಗೆ ಅನ್ಕ, ಅಂದಿದ್ದರು. ನಾನು ಅವರನ್ನು ಮಾವ ಅಂತಲೇ ಕರೆಯೋದು.

ಮದುವೆಯಾಗಿ ನಾಲ್ಕು ತಿಂಗಳಿಗೆ ಅವರು ಗದ್ದೆ ಬದುವಿನ ಮೇಲೆ ಜಾರಿ ಕಾಲು ಮುರ್ಕೊಂಡರು. ಪಟ್ಟಿ ಹಾಕಿ ಮಲಗಿಸಿದರು. ಮಲಗಿ ಗೊತ್ತಿಲ್ಲದ ಮನುಷ್ಯ, ಮನೆಯವರ ಮೇಲೆಲ್ಲ ರೇಗ್ತಾ ಇದ್ದರಂತೆ. ಸುಮ್ಮನಿರಲಿ ಅಂತ ಮಗ ಅವರ ಕೈಗೆ ಈ ಗೇಮ್ ಕೊಟ್ಟ. ಪಟ್ಟಿ ಬಿಚ್ಚಿದ ಮೇಲೂ ಗೇಮ್ ಬಿಡಲಿಲ್ಲ. ಕಾಲು ಕುಂಟುತ್ತೆ, ಬೇಸಾಯವೆಲ್ಲ ಮಗನ ಕೈಗೆ ಹೋಯ್ತು. ನೀರು ಕಟ್ಟೋದರಿಂದ ಹಿಡಿದು ಆಳು ಕರೆಯೋ ತನಕ ಅವರನ್ನು ಕೇಳೋರೇ ಇಲ್ಲ. ಇದನ್ನೆಲ್ಲ ತಂಗಿ ಫೋನಿನಲ್ಲಿ ಹೇಳ್ತಿದ್ದಳು. ಒಂದು ಭಾನುವಾರ ನಾನು ಅಲ್ಲಿಗೆ ಊಟಕ್ಕೆ ಹೋದಾಗ ಅವರು ನನ್ನ ಫೋನಿನಲ್ಲಿ ಡೈಮಂಡಿನ ಗುರುತು ನೋಡಿ, ನಂಗೂ ಸೇರಿಸ್ಕಳ್ಲಾ, ಅಂದರು. ಕೈಯಲ್ಲಿ ಹೋಳಿಗೆ ಇತ್ತು. ಆಗಲಿ ಮಾವ ಅಂದೆ. ಬೀಗರು ಕೇಳಿದ್ದಕ್ಕೆ ಇಲ್ಲ ಅನ್ನೋದು ನಮ್ಮ ಕಡೆ ಇನ್ನೂ ಹುಟ್ಟಿಲ್ಲ.

ಮನೆಗೆ ಬಂದು ಹೇಳಿದರೆ ಅಮ್ಮ ಕೈ ಒರೆಸ್ಕೊಂಡು ಎದುರು ಬಂದು ಕೂತಳು. ಅದೇನು ಆಟವೋ ನನಗೆ ಗೊತ್ತಿಲ್ಲ, ಆದರೆ ಅಲ್ಲಿ ನಿನ್ನ ಬಾಯಿಂದ ಒಂದು ಹೆಚ್ಚುಕಮ್ಮಿ ಮಾತು ಬಂದರೆ ಇಲ್ಲಿ ನನ್ನ ಮಗಳು ಅನುಭವಿಸ್ತಾಳೆ, ನೆನಪಿರಲಿ ಅಂದಳು. ಅವಳು ಹೇಳಿದ್ದು ಅತಿಯಾಯ್ತು ಅಂತ ಈಗ ಅನಿಸುತ್ತೆ. ಆ ಮನೆಯವರು ಅಂಥವರಲ್ಲ. ಆದರೆ ಅವತ್ತು ನಾನೂ ತಲೆಯಾಡಿಸಿದೆ.

ಸರಿ, ಆಟ ಶುರುವಾಯ್ತು. ಮೊದಲನೇ ದಿನವೇ ಗೊತ್ತಾಯ್ತು ಏನು ಕಾದಿದೆ ಅಂತ. ಅವರ ಬಂದೂಕು ಆಕಾಶ ನೋಡ್ತಿತ್ತು. ಬಾಗಿಲು ತೆಗೆಯೋಕೆ ಹೋಗಿ ಬಾಂಬ್ ಹಾಕೋರು. ಇದೆಲ್ಲ ಕಲಿಯೋರಿಗೆ ಆಗೋದೇ. ನಮ್ಮನ್ನು ಕೊಂದದ್ದು ಅದಲ್ಲ. ಆ ಗೇಮಿನ ಒಂದು ನಕ್ಷೆಯಲ್ಲಿ ಊರಿನ ಸುತ್ತ ಭತ್ತದ ಗದ್ದೆಗಳಿವೆ, ಹಸಿರಾಗಿ, ಮೊಣಕಾಲುದ್ದ. ವೃತ್ತ ಕುಗ್ಗಿದಾಗ ಎಲ್ಲರೂ ಗದ್ದೆ ನಡುವೆ ಸೀದಾ ಓಡ್ತಾರೆ. ನಮ್ಮ ಬೀಗರು ಓಡಲ್ಲ. ಅವರು ಬದು ಹುಡುಕ್ತಾರೆ. ಒಂದು ಮೂಲೆಯಿಂದ ಬದು ಹಿಡಿದು ಇನ್ನೊಂದು ಮೂಲೆಗೆ, ಅಲ್ಲಿಂದ ಅಡ್ಡಬದು, ಆಮೇಲೆ ಕಾಲುವೆ ಏರಿ. ಹಿಂದೆ ವೃತ್ತ ಅಟ್ಟಿಸ್ಕೊಂಡು ಬರ್ತಾ ಇದೆ, ಮುಂದೆ ಯಾರೋ ಗುಂಡು ಹೊಡೀತಾ ಇದಾರೆ, ಇವರು ನಿಧಾನವಾಗಿ ಸುತ್ತಿ ಬರ್ತಾ ಇದಾರೆ.

ಮಾವ, ಸೀದಾ ಬನ್ನಿ, ಅದು ಗೇಮು, ಅಂತ ಒಂದು ಸಲ ಹೇಳಿದೆ.

"ಗೊತ್ತು ಕಣ್ಲಾ. ಅಂಗಂತ ನಿಂತಿರೋ ಪೈರು ತುಳಿಯಕ್ಕಾದದಾ? ಕಾಲೇ ಬರದಿಲ್ಲ."

ಇದಕ್ಕೆ ಏನು ಹೇಳ್ತೀರಿ. ಕಾಲು ಅವರದಲ್ಲ, ಬೆರಳು ಅವರದು, ಆದರೂ ಬರಲ್ಲ. ಬೀಗರನ್ನು ಬಿಟ್ಟು ಹೋಗೋ ಹಾಗಿಲ್ಲವಲ್ಲ, ಆದ್ದರಿಂದ ನಾನೂ ಬದು ಮೇಲೆ ಅವರ ಹಿಂದೆ ನಡೀತಿದ್ದೆ. ನನ್ನ ಹಿಂದೆ ಲಾಡ್ಜಿನವನು, ಅವನ ಹಿಂದೆ ಬೈಕೊಂಡು ಕೌದಳ್ಳಿಯಾಕೆ. ನಾಲ್ಕು ಜನ ಸಾಲಾಗಿ ಬದು ಮೇಲೆ. ಶತ್ರುಗಳಿಗೆ ಇದಕ್ಕಿಂತ ಸುಲಭದ ಗುರಿ ಇನ್ನೇನು ಬೇಕು. ಒಳ್ಳೆ ಬಂದೂಕು ಸಿಕ್ಕರೆ ಮೊದಲು ಅವರಿಗೆ ಕೊಡಬೇಕು, ಪಂಕ್ತಿಯಲ್ಲಿ ಮೊದಲ ಎಲೆ ಹಾಕಿದ ಹಾಗೆ. ನಾಲ್ಕರಲ್ಲಿ ಮೂವರು ಬಿದ್ದರೆ ಮೊದಲು ಅವರನ್ನು ಎತ್ತಬೇಕು. ಲಾಡ್ಜಿನವನು ಒಂದು ದಿನ, ಅಣ್ಣಾ, ನಿಮ್ಮ ಬೀಗರಿಗೆ ನಾನ್ಯಾಕಣ್ಣಾ ಸಾಯಬೇಕು, ಅಂತ ನನಗೆ ಬೇರೆಯಾಗಿ ಫೋನ್ ಮಾಡಿ ಕೇಳಿದ. ನ್ಯಾಯವಾದ ಪ್ರಶ್ನೆಯೇ.

ಆದರೆ ಅವರ ಖುಷಿ ನೋಡಬೇಕಿತ್ತು. ಎರಡೂವರೆಗೆ ಸರಿಯಾಗಿ ತೆಂಗಿನ ಮರದ ಕೆಳಗೆ ಮಂಚ ಹಾಕಿಸ್ಕೊಂಡು ಸಿದ್ಧ. ಸೋತರೂ ಬೇಜಾರಿಲ್ಲ, ಯಾರೋ ನಮ್ಮನ್ನು ಹೊಡೆದರೆ, ಚೆನ್ನಾಗಿ ಒಡ್ದ ಕಣ್ಲಾ ಬಡ್ಡೆತ್ತದು, ಅಂತ ಅವನನ್ನೇ ಹೊಗಳೋರು. ಕೌದಳ್ಳಿಯಾಕೆಯನ್ನು ತಾಯಿ ಅಂತ ಕರೆದು ಊಟ ಆಯ್ತಾ ಅಂತ ಕೇಳೋರು, ಸುತ್ತ ಗುಂಡು ಹಾರ್ತಿರೋವಾಗ. ಊರಲ್ಲೆಲ್ಲ ನಮ್ಮ ಟೀಮು, ನಮ್ಮ ಟೀಮು ಅಂತ ಹೇಳ್ಕೊಂಡು ಬಂದಿದ್ದರು. ಒಂದು ದಿನ ನನ್ನ ಹತ್ತಿರ, ಮಾಸ್ಟರ್ ಆದ ದಿನ ನಮ್ಮ ನಾಲ್ಕೂ ಜನದ್ದು ಒಂದು ಫ್ಲೆಕ್ಸ್ ಮಾಡಿ ಹೊನ್ನೂರು ಬಸ್ ಸ್ಟಾಪಿನಲ್ಲಿ ಕಟ್ಟಿಸೋಣ, ನನ್ನ ಫೋಟೋ ಚಿಕ್ಕದಿರಲಿ, ಅಂದರು. ಫೋಟೋ ಚಿಕ್ಕದಿರಲಿ ಅಂದ ಗಿರಾಕಿ ಒಂಬತ್ತು ವರ್ಷದಲ್ಲಿ ಅವರೊಬ್ಬರೇ. ಆ ಗುರುತು ಬರೋವಾಗ ಒಳಗಿರಬೇಕು ಅನ್ನೋ ಆಸೆ ನನಗಿದ್ದಷ್ಟೇ ಅವರಿಗೂ ಇತ್ತು. ಇದು ನನಗೆ ಗೊತ್ತಿತ್ತು. ಗೊತ್ತಿರಲಿಲ್ಲ ಅಂತ ಈಗ ಹೇಳಿದರೆ ಸುಳ್ಳಾಗುತ್ತೆ.

ಸೀಸನ್ ಮುಗಿಯೋಕೆ ಒಂದು ವಾರ ಉಳೀತು. ಭಾನುವಾರ ಕೊನೆ. ಶನಿವಾರ ಅಮಾವಾಸ್ಯೆ, ಅಂದರೆ ಲಾಡ್ಜಿನವನಿಗೂ ಕೌದಳ್ಳಿಯಾಕೆಗೂ ಶುಕ್ರವಾರ ಮಧ್ಯಾಹ್ನಕ್ಕೇ ಎಲ್ಲ ಮುಗಿದ ಹಾಗೆ. ಮೂರೂ ಜನ ಡೈಮಂಡಿನ ಕೊನೆಯ ಮೆಟ್ಟಿಲಲ್ಲಿದ್ದೆವು. ಸೋಮವಾರ ನಾಲ್ಕು ಮ್ಯಾಚ್ ಆಡಿದೆವು, ಮೂರರಲ್ಲಿ ಬೇಗ ಸತ್ತು ಕೆಳಕ್ಕೆ ಜಾರಿದೆವು. ನಾಲ್ಕನೆಯದರಲ್ಲಿ ಗೆಲುವು ಕೈಯಲ್ಲಿತ್ತು, ಎರಡೇ ಸ್ಕ್ವಾಡ್ ಉಳಿದಿದ್ದವು. ಬೀಗರು ಬದು ಸುತ್ತಿ ಬರೋ ಹೊತ್ತಿಗೆ ಕಾದು ನಿಂತ ನಮ್ಮ ಮೂವರನ್ನೂ ಎದುರಿನವರು ಹೊಡೆದು ಹಾಕಿದರು. ನಾನು ಫೋನನ್ನು ಟೇಬಲ್ ಮೇಲೆ ಕುಕ್ಕಿದೆ. ಮೈಕ್ ಆಫ್ ಮಾಡಿ ಬಾಯಿಗೆ ಬಂದದ್ದೆಲ್ಲ ಅಂದೆ. ಆಮೇಲೆ ಮೈಕ್ ಆನ್ ಮಾಡಿ, ಪರವಾಗಿಲ್ಲ ಮಾವ, ಚೆನ್ನಾಗಿ ಆಡಿದ್ರಿ, ಅಂದೆ.

ಸಂಜೆ ಕೌದಳ್ಳಿಯಾಕೆ ಫೋನ್ ಮಾಡಿದಳು. ಹೊಲಿಗೆ ಮೆಷಿನ್ನಿನ ಸದ್ದು ನಿಲ್ಲಿಸಿ ಮಾತಾಡಿದಳು, ಅಂದರೆ ವಿಷಯ ದೊಡ್ಡದೇ.

"ಅಣ್ಣಾ, ಬೇಜಾರು ಮಾಡ್ಕಬ್ಯಾಡಿ. ಅವ್ರು ದ್ಯಾವ್ರಂಥ ಮನುಷ್ಯ. ಆದ್ರೆ ಅವ್ರು ಬಂದ್ರೆ ನಾ ಬರಲ್ಲ. ಅವ್ರಿಗೆ ನೀವೇ ಏಳಿ."

ಹೇಳೋದು ಏನು ಕಷ್ಟ. ಮಾವ, ಈ ಒಂದು ವಾರ ಬಿಡಿ, ನಿಮ್ಮ ಆಟ ಸಾಲಲ್ಲ, ಹೊಸ ಸೀಸನ್ನಿಗೆ ಮತ್ತೆ ಬನ್ನಿ. ಇಷ್ಟೇ. ಡಿಸೈನ್ ಕೆಡಿಸೋ ಗಿರಾಕಿಗಳಿಗೆ ದಿನಕ್ಕೆ ಹತ್ತು ಸಲ ಮುಖಕ್ಕೆ ಹೊಡೆದ ಹಾಗೆ ಹೇಳೋನು ನಾನು. ಇದನ್ನು ಮಾತ್ರ ಮನಸ್ಸಿನಲ್ಲೇ ಹೇಳಿ ಹೇಳಿ ನೋಡಿದೆ, ಪ್ರತಿ ಸಲವೂ ಅಮ್ಮನ ಮುಖ ಅಡ್ಡ ಬಂತು. ಅಮ್ಮನ ಮುಖ ಬಂತು ಅಂತ ನಾನು ಹೇಳ್ಕೊಂಡೆ. ನಿಜ ಏನು ಅಂದರೆ ಅವರ ದನಿ ಸಣ್ಣದಾಗೋದನ್ನು ಕೇಳೋ ಧೈರ್ಯ ನನಗಿರಲಿಲ್ಲ.

ಮಂಗಳವಾರ ಬೆಳಿಗ್ಗೆ ಅಂಗಡಿಯ ಫೋನಿನಿಂದ ಅವರಿಗೆ ಮಾಡಿದೆ. ನನ್ನ ಮೊಬೈಲು ನೀರಿನ ಬಕೆಟ್ಟಿಗೆ ಬಿದ್ದುಬಿಡ್ತು ಮಾವ, ರಿಪೇರಿಗೆ ಕೊಟ್ಟಿದೀನಿ, ಮೈಸೂರಿಂದ ಪಾರ್ಟು ಬರಬೇಕಂತೆ, ಸೋಮವಾರದ ತನಕ ಆಗಲ್ಲ, ಅಂದೆ. ಎಷ್ಟು ನೀಟಾಗಿ ಬಂತು ಅಂತೀರಿ, ಡಿಸೈನ್ ಮಾಡಿಟ್ಟಿದ್ದ ಹಾಗೆ. ಅವರು ಬೈಕೊಂಡರು, ನನ್ನನ್ನಲ್ಲ, ಬಕೆಟ್ಟನ್ನು. ಈ ಸೀಸನ್ ಹೋಯ್ತಲ್ಲೋ ಅಂತ ನೊಂದುಕೊಂಡರು. ಏನು ಮಾಡೋಕಾಗುತ್ತೆ ಮಾವ, ನಮ್ಮ ಹಣೇಲಿಲ್ಲ, ಅಂದೆ. ಗೇಮಿನಲ್ಲಿ ನಾವು ಆಡ್ತಾ ಇರೋದು ಬೇರೆಯವರಿಗೆ ಕಾಣದ ಹಾಗೆ ಮಾಡೋ ಒಂದು ಆಯ್ಕೆ ಇದೆ. ಅದನ್ನು ಒತ್ತಿದೆ. ಇನ್ನಿಬ್ಬರಿಗೂ ಒತ್ತೋಕೆ ಹೇಳಿದೆ. ಬೀಗರಿಗೆ ಏನು ಹೇಳಿದಿರಿ ಅಂತ ಅವರಿಬ್ಬರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಆಮೇಲೆ ಮೂರು ದಿನ ನಾವು ಆಡಿದ ಆಟ, ಅದರ ಬಗ್ಗೆ ಏನೂ ತಪ್ಪು ಹೇಳೋ ಹಾಗಿಲ್ಲ. ನಾಲ್ಕನೆಯವನಾಗಿ ಯಾವುದೋ ಊರಿನ ಅಪರಿಚಿತ ಬರ್ತಿದ್ದ, ಮಾತಿಲ್ಲ, ಕತೆಯಿಲ್ಲ, ಹೊಡೀತಿದ್ದ, ಹೋಗ್ತಿದ್ದ. ಗದ್ದೆ ನಡುವೆ ಸೀದಾ ಓಡಿದೆವು. ಮಂಗಳವಾರ ಜಾರಿದ್ದನ್ನೆಲ್ಲ ವಾಪಸ್ ಪಡೆದೆವು, ಬುಧವಾರ ಮೇಲೆ ಹೋದೆವು, ಗುರುವಾರ ಇನ್ನೂ ಮೇಲೆ. ಯಾರೂ ಯಾರನ್ನೂ ಊಟ ಆಯ್ತಾ ಅಂತ ಕೇಳಲಿಲ್ಲ. ಗುರುವಾರ ರಾತ್ರಿ ಅಮ್ಮ, ಏನೋ ಗೆಲುವಾಗಿದೀಯ, ಅಂದಳು. ಗೆಲುವಾಗೇ ಇದ್ದೆ.

ಶುಕ್ರವಾರ ಮಧ್ಯಾಹ್ನ ಒಂದು ನಿವೃತ್ತಿಯ ಫ್ಲೆಕ್ಸ್ ಇತ್ತು, ಹನ್ನೆರಡಡಿ. ಯಾರೋ ಮೇಷ್ಟ್ರು. ಪ್ರಿಂಟಿಗೆ ಕೊಟ್ಟು ಇಯರ್‌ಫೋನ್ ಹಾಕ್ಕೊಂಡು ಬಾಗಿಲಿಗೆ ಬೆನ್ನು ಮಾಡಿ ಕೂತೆ. ಒಂದು ಮ್ಯಾಚ್ ಗೆದ್ದರೆ ಸಾಕಿತ್ತು. ಬೆಟ್ಟದಲ್ಲಿ ಆಗಲೇ ಜನ ಸೇರೋಕೆ ಶುರುವಾಗಿತ್ತು, ಲಾಡ್ಜಿನವನು ಅಣ್ಣಾ ಇದೊಂದೇ ಅಂದಿದ್ದ. ಕೊನೆಗೆ ವೃತ್ತ ಒಂದು ಅಂಗಳದಷ್ಟು ಚಿಕ್ಕದಾಯ್ತು. ಅಪರಿಚಿತ ಸತ್ತ, ಲಾಡ್ಜಿನವನು ತಮಿಳಿನಲ್ಲಿ ಏನೋ ಕೂಗ್ತಾ ಬಿದ್ದ. ಕೌದಳ್ಳಿಯಾಕೆ ಒಂದು ಗೋಡೆಯ ಹಿಂದೆ, ನಾನು ಒಂದು ಮರದ ಹಿಂದೆ. ಎದುರು ಇಬ್ಬರು. ಒಬ್ಬನನ್ನು ಅವಳು ಹೊಡೆದಳು. ಇನ್ನೊಬ್ಬನನ್ನು ನಾನು. ಪರದೆ ಮೇಲೆ ಹಳೆ ಗುರುತು ಒಡೆದು ಚೂರಾಗಿ ಹೊಸ ಗುರುತು ಮೇಲೆದ್ದು ಬಂತು, ಕೆಂಪು, ಸುತ್ತ ರೆಕ್ಕೆ. ಕಿವಿಯಲ್ಲಿ ಇಬ್ಬರೂ ಅರಚ್ತಾ ಇದ್ದರು. ನಾನು ಕುರ್ಚಿಯಿಂದ ಎದ್ದು ಮುಷ್ಟಿ ಬಿಗಿದು, ಯಾರಿಗಾದರೂ ತೋರಿಸಬೇಕಲ್ಲ, ಬಾಗಿಲ ಕಡೆ ತಿರುಗಿದೆ.

ಗಿರಾಕಿಗಳು ಕೂರೋ ಸ್ಟೂಲಿನ ಮೇಲೆ ಬೀಗರು ಕೂತಿದ್ದರು.

ಯಾವಾಗ ಬಂದರೋ ಗೊತ್ತಿಲ್ಲ. ನೆತ್ತಿ ಬೆವರು ಒಣಗಿತ್ತು, ಅಂದರೆ ಬಂದು ಹೊತ್ತಾಗಿತ್ತು. ಕುಂಟೋ ಕಾಲನ್ನು ಮುಂದಕ್ಕೆ ಚಾಚಿಕೊಂಡಿದ್ದರು. ಪಕ್ಕದಲ್ಲಿ ಒಂದು ಕೈಚೀಲ, ತೊಡೆ ಮೇಲೆ ಟವೆಲು, ಟವೆಲಿನ ಮೇಲೆ ಒಂದು ಫೋನು. ಅವರ ಫೋನಲ್ಲ. ನನ್ನ ಬಾವ, ಅಂದರೆ ಅವರ ಮಗ, ಮದುವೆಗೆ ಮುಂಚೆ ಇಟ್ಟುಕೊಂಡಿದ್ದ ಹಳೆ ಫೋನು. ಅದರ ಪರದೆ ಉರೀತಿತ್ತು. ಗೇಮ್ ತೆರೆದು ನಿಂತಿತ್ತು, ಒಳಗೆ ಬರೋಕೆ ನನ್ನ ಹೆಸರು ಹಾಕೋದೊಂದು ಬಾಕಿ.

ನಾನು ಇಯರ್‌ಫೋನ್ ತೆಗೆದೆ. ಒಳಗೆ ಅವರಿಬ್ಬರೂ ಇನ್ನೂ ಕಿರುಚ್ತಾ ಇದ್ದದ್ದು ಸಣ್ಣಗೆ ಕೇಳ್ತಿತ್ತು.

"ಮುಗೀತಾ?" ಅಂದರು.

"ಹೂಂ ಮಾವ. ಫೋನು... ಈಗ ತಾನೇ ಕೊಟ್ರು. ಬೇಗ ಆಯ್ತು."

ಇದು ಎರಡನೆಯ ಸುಳ್ಳು. ಮೊದಲನೆಯದರಷ್ಟು ನೀಟಾಗಿ ಬರಲಿಲ್ಲ. ಅವರು ನನ್ನ ಕೈಯಲ್ಲಿದ್ದ ಫೋನನ್ನೂ ಅದರಲ್ಲಿದ್ದ ಕೆಂಪು ಗುರುತನ್ನೂ ನೋಡಿದರು. ನನ್ನ ಮುಖ ನೋಡಲಿಲ್ಲ. ತೊಡೆ ಮೇಲಿದ್ದ ಫೋನಿನ ಗುಂಡಿ ಒತ್ತಿದರು, ಪರದೆ ಆರಿತು. ಅದನ್ನು ಟವೆಲಿನಲ್ಲಿ ಸುತ್ತಿ ಚೀಲದ ತಳಕ್ಕೆ ಇಟ್ಟರು.

ಒಳ್ಳೇದಾಯ್ತು ಬುಡು, ಅಂದರು.

ಆಮೇಲೆ ಅರ್ಧ ಗಂಟೆ ಕೂತಿದ್ದರು. ಅಷ್ಟು ದೂರ ಬಂದ ಮೇಲೆ ತಕ್ಷಣ ಎದ್ದು ಹೋದರೆ ನನಗೆ ಅವಮಾನ ಆಗುತ್ತೆ ಅಂತ ಕೂತಿದ್ದರು ಅಂತ ಈಗ ಗೊತ್ತಾಗುತ್ತೆ. ಟೀ ತರಿಸಿದೆ, ಕುಡಿದರು. ಪ್ರಿಂಟಾಗಿ ಇಳೀತಿದ್ದ ಫ್ಲೆಕ್ಸ್ ನೋಡಿ, ಯಾವ ಸ್ಕೂಲು ಮೇಷ್ಟ್ರು ಅಂತ ಕೇಳಿದರು. ಹೇಳಿದೆ. ಅಮ್ಮನ ಸಕ್ಕರೆ ಕಾಯಿಲೆ ಹೇಗಿದೆ ಅಂದರು. ಪರವಾಗಿಲ್ಲ ಅಂದೆ. ಚೀಲದಿಂದ ಒಂದು ಚಿಪ್ಪು ಬಾಳೆಹಣ್ಣು ತೆಗೆದು ಅಮ್ಮನಿಗೆ ಕೊಡು ಅಂತ ಟೇಬಲ್ ಮೇಲಿಟ್ಟರು. ಗೇಮಿನ ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ನಾನೂ ಏನಾದರೂ ಅನ್ನಬಹುದಿತ್ತು, ಜಗಳವೇ ಆಗಿಹೋಗಲಿ ಅಂತಿತ್ತು ನನಗೆ. ಬಸ್ ಸ್ಟ್ಯಾಂಡಿನ ತನಕ ಜೊತೆಗೆ ಹೋದೆ. ಯಳಂದೂರಿನ ಬಸ್ಸು ತುಂಬಿತ್ತು. ಹತ್ತೋವಾಗ ಕೈ ಕೊಟ್ಟೆ, ಬೇಡ ಅಂತ ಕಂಬಿ ಹಿಡ್ಕೊಂಡು ಹತ್ತಿದರು. ಕಿಟಕಿಯಿಂದ, ನಡಿಯಪ್ಪ, ಅಂಗಡಿ ಬಿಟ್ಟು ಬಂದಿದೀಯ, ಅಂದರು.

ಕೌದಳ್ಳಿಯಾಕೆಯೂ ಲಾಡ್ಜಿನವನೂ ಆರು ಸಲ ಕಾಲ್ ಮಾಡಿದ್ದರು. ಅಭಿನಂದನೆಗೆ. ಎತ್ತಲಿಲ್ಲ. ನಿವೃತ್ತಿಯ ಫ್ಲೆಕ್ಸಿಗೆ ತೂತು ಹೊಡೆದೆ, ಒಂದು ಮೂಲೆ ಹರೀತು, ಇನ್ನೊಂದು ಸಲ ಪ್ರಿಂಟ್ ಹಾಕಿದೆ. ಎಲ್ಲವನ್ನೂ ಹೇಳಿಬಿಡಬೇಕು, ಇವತ್ತೇ ಹೊನ್ನೂರಿಗೆ ಹೋಗಿ ಕಾಲಿಗೆ ಬಿದ್ದು ಹೇಳಬೇಕು ಅಂತ ಒಂದು ಕಡೆ. ಅವರೇ ಏನೂ ಅನ್ನಲಿಲ್ಲವಲ್ಲ, ನಾನ್ಯಾಕೆ ಕೆದಕಲಿ ಅಂತ ಇನ್ನೊಂದು ಕಡೆ. ಆರೂವರೆ ಆಯ್ತು. ಬಾಗಿಲು ಎಳೆಯೋ ಹೊತ್ತಿಗೆ ತಂಗಿಯ ಫೋನ್ ಬಂತು. ಈಗ ಅವಳಿಗೆ ಎಲ್ಲ ಗೊತ್ತಾಗಿದೆ, ಆ ಮನೆಯಲ್ಲಿ ತಲೆ ತಗ್ಗಿಸ್ಕೊಂಡು ಮೂಲೆಯಲ್ಲಿ ನಿಂತು ಫೋನ್ ಮಾಡ್ತಾ ಇದಾಳೆ ಅಂದುಕೊಂಡೆ.

ಅವಳ ದನಿ ಮಾಮೂಲಾಗಿತ್ತು. ಮಾವ ಈಗ ಬಂದರು, ನಿನ್ನ ಫೋನು ರಿಪೇರಿ ಆಯ್ತಂತಲ್ಲ, ಅಂದಳು. ಹೂಂ ಅಂದೆ. ಅಷ್ಟು ದೂರ ಹೋಗಬೇಡಿ ಅಂತ ನಾವೆಲ್ಲ ಹೇಳಿದೆವು ಅಣ್ಣ, ಕೇಳಲಿಲ್ಲ, ಎರಡು ದಿನ ಆ ಹಳೆ ಫೋನನ್ನು ತಾರಸಿ ಮೇಲಿಟ್ಟು ಗೇಮ್ ಡೌನ್‌ಲೋಡ್ ಮಾಡಿಸಿದರು, ಅಲ್ಲಿ ಹೋದ ಮೇಲೆ ಹುಡುಗನಿಗೆ ಹೊತ್ತು ಹಾಳಾಗಬಾರದು ಅಂತ, ಅಂದಳು. ಅದಕ್ಕೂ ಹೂಂ ಅಂದೆ.

"ಈಗ ಬಂದೋರೇ ಅವ್ರ ಫೋನಿಂದ ಗೇಮ್ ತೆಗ್ಸಿಬುಟ್ರು ಅಣ್ಣ. ನೀನೇ ಏಳುದ್ಯಂತೆ, ಮಾವ ನಿಮ್ಗೆ ಆಟ ಬರಲ್ಲ, ನಿಮ್ಮಿಂದ ಟೀಮ್ ಸೋಲ್ತದೆ ಅಂತ. ಅವ್ರಿಗೇನೂ ಬೇಜಾರಿಲ್ಲ ಕಣಣ್ಣ. ನಿಮ್ಮಣ್ಣ ಒಬ್ನೇ ಕಣವ್ವ, ನನ್ ಮುಖ ನೋಡ್ಕಂಡು ಇದ್ದದ್ದು ಇದ್ದಂಗೆ ಏಳ್ದೋನು, ಅಂತವ್ರೆ ಎಲ್ಲರ್ ಮುಂದೂವೆ."

ನಾನು ಅಂಗಡಿಯ ಬಾಗಿಲು ಅರ್ಧ ಎಳೆದು ಹಾಗೇ ಹಿಡ್ಕೊಂಡು ನಿಂತಿದ್ದೆ.

ನಿಜವಾ ಅಣ್ಣ, ಹಂಗೇ ಹೇಳಿದ್ಯಾ, ಅಂತ ತಂಗಿ ಕೇಳಿದಳು. ಅವಳ ದನಿಯಲ್ಲಿ ನನ್ನ ಬಗ್ಗೆ ಹೆಮ್ಮೆ ಇತ್ತು.

ಹೂಂ, ಹೇಳಿದೆ, ಅಂದೆ.